85 ಗೋಲು, ಒಂದು ಜಾಗ

2021ರ ಜೂನ್ 7ರಂದು ದೋಹಾದಲ್ಲಿ ಬಾಂಗ್ಲಾದೇಶದ ಎದುರು ಪಂದ್ಯ ಮುಗಿಯುವ ಹೊತ್ತಿಗೆ ಸುನಿಲ್ ಚೆಟ್ರಿ ಎರಡು ಗೋಲು ಹೊಡೆದರು. ಮರುದಿನ ನಮ್ಮಲ್ಲಿ ಎಲ್ಲಿ ನೋಡಿದರೂ ಅದೇ ಸುದ್ದಿ: ಚೆಟ್ರಿ ಮೆಸ್ಸಿಯನ್ನು ಹಿಂದೆ ಹಾಕಿದರು. ಆಗ ಇನ್ನೂ ಆಡುತ್ತಿದ್ದವರ ಪಟ್ಟಿಯಲ್ಲಿ ರೊನಾಲ್ಡೊ ಎಲ್ಲರಿಗಿಂತ ಮೇಲೆ; ಅವರ ಕೆಳಗೆ 74 ಅಂತರರಾಷ್ಟ್ರೀಯ ಗೋಲುಗಳ ಚೆಟ್ರಿ, ಆಮೇಲೆ 72ರ ಮೆಸ್ಸಿ. ಈ ಇಬ್ಬರ ನಡುವೆ 73ರ ಸಾಲಿನಲ್ಲಿ ಇನ್ನೊಂದು ಹೆಸರಿತ್ತು. ಬಸ್ಸಿನ ಕಿಟಕಿಯಾಚೆ ಹಾದುಹೋಗುವ ಊರಿನ ಬೋರ್ಡಿನಂತೆ ನಾವೆಲ್ಲ ಅದನ್ನು ಓದಿಯೂ ಓದದೆ ದಾಟಿದೆವು. ಅಲಿ ಮಬ್ಖೂತ್, ಯುಎಇ. ಜೂನ್ 11ರಂದು ಇಂಡೊನೇಷ್ಯಾ ಎದುರು ಎರಡು, 15ರಂದು ವಿಯೆಟ್ನಾಂ ಎದುರು ಒಂದು ಗೋಲು ಹೊಡೆದು ಅವರು 76ಕ್ಕೆ ಏರಿದರು. ಚೆಟ್ರಿ ಎರಡನೇ ಸ್ಥಾನದಲ್ಲಿ ಕೂತದ್ದು ನಾಲ್ಕೇ ದಿನ. ಆ ಸುದ್ದಿಯನ್ನು ನಮ್ಮ ಪತ್ರಿಕೆಗಳಲ್ಲಿ ದೊಡ್ಡದಾಗಿ ಓದಿದ ನೆನಪು ನನಗಿಲ್ಲ.

ಮಬ್ಖೂತ್ ಎಂದರೆ ಅರಬ್ಬಿಯಲ್ಲಿ ಅದೃಷ್ಟವಂತ. ಹಿಂದಿ ಸಿನಿಮಾ ನೋಡಿದವರಿಗೆಲ್ಲ 'ಕಂಬಖ್ತ್' ಎಂಬ ಬೈಗುಳ ಗೊತ್ತು. ಅದರಲ್ಲಿರುವ 'ಬಖ್ತ್' ಇದೇ. ಕಂಬಖ್ತ್ ಎಂದರೆ ನಸೀಬುಗೆಟ್ಟವನು, ಮಬ್ಖೂತ್ ಎಂದರೆ ನಸೀಬುಳ್ಳವನು. ಇವರ ಬಗ್ಗೆ ಬರೆಯುವವರು ಹೆಸರಿನ ಮೇಲೊಂದು ಶ್ಲೇಷೆ ಮಾಡಿ ಮುಂದೆ ಹೋಗುವುದು ಸುಲಭ: ದುರ್ಬಲ ತಂಡಗಳ ಎದುರು ಆಡುವ ಅದೃಷ್ಟ, ಒಮರ್ ಅಬ್ದುಲ್‌ರಹಮಾನ್‌ನಂಥ ಜಾದೂಗಾರ ಹಿಂದೆ ನಿಂತು ಪಾಸ್ ಕೊಡುವ ಅದೃಷ್ಟ, ಎಣ್ಣೆಯ ದುಡ್ಡಿನಲ್ಲಿ ನಡೆಯುವ ಕ್ಲಬ್ಬಿನಲ್ಲಿ ಬೆಳೆದ ಅದೃಷ್ಟ. ಅವರ ಆಟದ ಬದುಕನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಈ ಮೂರರಲ್ಲಿ ಮೊದಲೆರಡು ಅರ್ಧ ನಿಜ ಅನಿಸುತ್ತವೆ. ಮೂರನೆಯದು ತಲೆಕೆಳಗು. ಅವರಿಗೆ ದೊಡ್ಡ ಅಡ್ಡಿಯಾದದ್ದೇ ಆ ದುಡ್ಡು.

ಮೊದಲು ಲೆಕ್ಕ ನೋಡೋಣ. 1990ರ ಅಕ್ಟೋಬರ್ 5ರಂದು ಅಬುಧಾಬಿಯಲ್ಲಿ ಹುಟ್ಟಿದ ಮಬ್ಖೂತ್ ಯುಎಇ ಪರ ಹೊಡೆದ ಗೋಲು 85. ಅರಬ್ ದೇಶಗಳ ಪುರುಷ ಆಟಗಾರರಲ್ಲಿ ಇಷ್ಟು ಹೊಡೆದವರು ಬೇರೆ ಯಾರೂ ಇಲ್ಲ. ಇರಾಕಿನ ಹುಸೇನ್ ಸಯೀದ್ 78, ಕುವೈತಿನ ಬಶಾರ್ ಅಬ್ದುಲ್ಲಾ 75. ಯುಎಇಯೊಳಗೆ ದಾಖಲೆ ಅದ್ನಾನ್ ಅಲ್ ತಲ್ಯಾನಿ ಹೆಸರಿನಲ್ಲಿತ್ತು, 52. ತಲ್ಯಾನಿ 1990ರ ಇಟಲಿ ವಿಶ್ವಕಪ್‌ನಲ್ಲಿ ಆಡಿದವರು, ಆ ದೇಶದಲ್ಲಿ ಮನೆಮಾತು. 2019ರ ಅಕ್ಟೋಬರ್‌ನಲ್ಲಿ ದುಬೈನಲ್ಲಿ ಇಂಡೊನೇಷ್ಯಾ ಎದುರು ಮೂರು ಗೋಲು ಹೊಡೆದು ಮಬ್ಖೂತ್ ಆ ದಾಖಲೆಯನ್ನು ದಾಟಿದರು. ದಾಟಿದ್ದು ಇಂಡೊನೇಷ್ಯಾ ಎದುರು, ಅದೂ 5–0ರ ಗೆಲುವಿನಲ್ಲಿ. ತಕರಾರು ಹುಟ್ಟುವುದು ಇಲ್ಲಿಯೇ.

ತಕರಾರು ಪೊಳ್ಳಲ್ಲ. ಏಷ್ಯಾದ ವಿಶ್ವಕಪ್ ಅರ್ಹತಾ ಪಂದ್ಯಗಳ ಮೊದಲ ಸುತ್ತುಗಳಲ್ಲಿ ತಂಡಗಳ ನಡುವಿನ ಅಂತರ ಎಷ್ಟಿರುತ್ತದೆಂದರೆ, 2015ರ ಸೆಪ್ಟೆಂಬರ್‌ನಲ್ಲಿ ಯುಎಇ ಮಲೇಷ್ಯಾವನ್ನು 10–0ಯಿಂದ ಹೊಡೆದುಹಾಕಿತ್ತು. ಅಂಥ ಸಂಜೆಗಳಲ್ಲಿ ಸ್ಟ್ರೈಕರ್‌ನ ಖಾತೆಗೆ ಗೋಲುಗಳು ಜಮಾ ಆಗುತ್ತವೆ. 2022ರ ವಿಶ್ವಕಪ್‌ನ ಏಷ್ಯಾ ಅರ್ಹತಾ ಪಂದ್ಯಗಳಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ಮಬ್ಖೂತ್, 14. ಅದನ್ನು ಬಿಡಿಸಿ ನೋಡಿದರೆ 11 ಗೋಲುಗಳು ಎರಡನೇ ಸುತ್ತಿನವು; ಎದುರಾಳಿಗಳು ಮಲೇಷ್ಯಾ, ಇಂಡೊನೇಷ್ಯಾ, ಥಾಯ್ಲೆಂಡ್, ವಿಯೆಟ್ನಾಂ. ಇರಾನ್, ದಕ್ಷಿಣ ಕೊರಿಯಾ ಇದ್ದ ಮೂರನೇ ಸುತ್ತಿನಲ್ಲಿ ಹೊಡೆದದ್ದು ಮೂರೇ. ಆ ಮೂರೂ ಸಿರಿಯಾ, ಇರಾಕ್, ಲೆಬನಾನ್ ಎದುರು. ಇರಾನ್ ಮತ್ತು ಕೊರಿಯಾ ಎದುರು ಸೊನ್ನೆ. ಅಂಕಿಗಳನ್ನು ಇಲ್ಲಿಗೆ ನಿಲ್ಲಿಸಿದರೆ ತೀರ್ಪು ಬರೆದಂತೆಯೇ.

ಆದರೆ ಅದೇ ಕಾಗದದಲ್ಲಿ ಇನ್ನೊಂದು ಅಂಕಿಯೂ ಇದೆ. ಆ ಮೂರನೇ ಸುತ್ತಿನ ಹತ್ತು ಪಂದ್ಯಗಳಲ್ಲಿ ಇಡೀ ಯುಎಇ ತಂಡ ಹೊಡೆದ ಗೋಲು ಏಳು. ಏಳರಲ್ಲಿ ಮೂರು ಒಬ್ಬರದೇ. 2017ರ ಡಿಸೆಂಬರ್‌ನಲ್ಲಿ ಕುವೈತಿನಲ್ಲಿ ಶುರುವಾದ ಗಲ್ಫ್ ಕಪ್ ಇದಕ್ಕಿಂತ ವಿಚಿತ್ರ. ಯುಎಇ ಫೈನಲ್ ತನಕ ಹೋಯಿತು, ಓಮನ್ ಎದುರು ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತು. ಐದು ಪಂದ್ಯ ಆಡಿ ಫೈನಲ್ ಮುಟ್ಟಿದ ಆ ತಂಡ ಇಡೀ ಟೂರ್ನಿಯಲ್ಲಿ ಆಟದ ಸಮಯದಲ್ಲಿ ಹೊಡೆದದ್ದು ಒಂದೇ ಒಂದು ಗೋಲು. ಹೊಡೆದವರು ಮಬ್ಖೂತ್, ಅದೂ ಪೆನಾಲ್ಟಿಯಲ್ಲಿ. ದುರ್ಬಲರನ್ನು ಕಂಡರೆ ಮಾತ್ರ ಮಿಂಚುವ ಆಟಗಾರ ಎಂಬ ಮಾತಿಗೆ ಈ ಲೆಕ್ಕ ಒಗ್ಗುವುದಿಲ್ಲ. ಗೋಲು ಹೇರಳವಾಗಿದ್ದಾಗ ಅವರದು ದೊಡ್ಡ ಪಾಲು. ಬರ ಬಿದ್ದಾಗಲೂ ಇದ್ದ ಕಾಳಿನಲ್ಲಿ ಅರ್ಧಕ್ಕರ್ಧ ಅವರದೇ.

ಇನ್ನು ಸಣ್ಣ ತಂಡಗಳ ಮಾತು. ರೊನಾಲ್ಡೊ ಲಕ್ಸೆಂಬರ್ಗ್ ಒಂದರ ಮೇಲೆಯೇ 11 ಅಂತರರಾಷ್ಟ್ರೀಯ ಗೋಲು ಹೊಡೆದಿದ್ದಾರೆ. ಅದನ್ನು ಯಾರೂ ಅವರ ಲೆಕ್ಕದಿಂದ ಕಳೆಯುವುದಿಲ್ಲ, ಕಳೆಯಲೂಬಾರದು. ಯೂರೋಪಿನವನು ಹೊಡೆದರೆ ಸ್ಥಿರತೆ, ಏಷ್ಯಾದವನು ಹೊಡೆದರೆ ಸುಗ್ಗಿ ಎನ್ನುವ ತಕ್ಕಡಿಯನ್ನು ನಾವೇ, ಏಷ್ಯಾದವರೇ, ಕೈಯಲ್ಲಿ ಹಿಡಿದು ತೂಗುತ್ತಿರುವುದು ತಮಾಷೆ. ಚೆಟ್ರಿಯ ವಿಷಯದಲ್ಲಿ ಇದೇ ತಕ್ಕಡಿ ಹಿಡಿದವರ ಮೇಲೆ ಬೆಂಗಳೂರಿನಲ್ಲಿ ಎಷ್ಟು ಜನ ಸಿಟ್ಟಾಗಿಲ್ಲ!

ಈಗ ಅವರ ಆಟದ ವಿಷಯಕ್ಕೆ ಬರುತ್ತೇನೆ. ಮಬ್ಖೂತ್ ಚೆಂಡನ್ನು ಕಾಲಿಗಂಟಿಸಿಕೊಂಡು ಮೂವರನ್ನು ದಾಟುವವರಲ್ಲ. ಪಂದ್ಯದ ಬಹುಪಾಲು ಹೊತ್ತು ಟಿವಿ ಕ್ಯಾಮೆರಾದಲ್ಲಿ ಕಾಣಿಸುವುದೇ ಕಡಿಮೆ. ಎದುರಾಳಿಯ ಕೊನೆಯ ಡಿಫೆಂಡರ್‌ನ ಹೆಗಲಿಗೆ ಹೆಗಲು ತಾಗಿಸಿ, ಆಫ್‌ಸೈಡ್ ಗೆರೆಯ ಅಂಚಿನಲ್ಲಿ ಅತ್ತಿತ್ತ ತೂಗುತ್ತಿರುತ್ತಾರೆ. ನಡುಮೈದಾನದವನು ತಲೆಯೆತ್ತಿದ ಕ್ಷಣಕ್ಕೆ ಓಟ. ಆಮೇಲೆ ಒಂದು ಅಥವಾ ಎರಡು ಸ್ಪರ್ಶ, ಅಷ್ಟೇ. 2015ರ ಜನವರಿಯಲ್ಲಿ ಕ್ಯಾನ್‌ಬೆರಾದಲ್ಲಿ ಬಹ್ರೇನ್ ಎದುರು ಪಂದ್ಯ ಶುರುವಾಗಿ 14 ಸೆಕೆಂಡಿಗೆ ಹೊಡೆದ ಗೋಲು ಏಷ್ಯಾ ಕಪ್ ಚರಿತ್ರೆಯಲ್ಲೇ ಅತಿ ವೇಗದ್ದು. ಎಂಟು ದಿನ ಬಿಟ್ಟು ಸಿಡ್ನಿಯಲ್ಲಿ ಜಪಾನ್ ಎದುರು ಕ್ವಾರ್ಟರ್ ಫೈನಲ್. ಏಳನೇ ನಿಮಿಷದಲ್ಲಿ ಡಿಫೆನ್ಸಿನ ಬೆನ್ನ ಹಿಂದೆ ಬಿದ್ದ ಉದ್ದ ಪಾಸಿಗೆ ಓಡಿ ಮಬ್ಖೂತ್ ಗೋಲು ಹೊಡೆದರು. ಜಪಾನ್ ಕೊನೆಗೆ ಸಮ ಮಾಡಿತು, ಶೂಟೌಟ್‌ನಲ್ಲಿ ಹೊಂಡಾ, ಕಗಾವಾ ಇಬ್ಬರೂ ತಪ್ಪಿಸಿದರು, ಹಾಲಿ ಚಾಂಪಿಯನ್ ಮನೆಗೆ ಹೋಯಿತು. ಆ ದಿನ ಎಲ್ಲರಿಗೂ ನೆನಪಿರುವುದು ಒಮರ್ ಅಬ್ದುಲ್‌ರಹಮಾನ್ ಗೋಲ್‌ಕೀಪರನ್ನು ಮಂಗ ಮಾಡಿ ಮೆಲ್ಲಗೆ ಚಿಮ್ಮಿಸಿದ ಪೆನಾಲ್ಟಿ. ಟೂರ್ನಿ ಮುಗಿದಾಗ ಐದು ಗೋಲಿನೊಂದಿಗೆ ಎಲ್ಲರಿಗಿಂತ ಮೇಲಿದ್ದವರು ಮಾತ್ರ ಮಬ್ಖೂತ್. ಯುಎಇಗೆ ಮೂರನೇ ಸ್ಥಾನ.

ಒಮರ್ ಇಲ್ಲದಿದ್ದರೆ ಮಬ್ಖೂತ್ ಇಲ್ಲ ಎನ್ನುವವರಿಗೆ ಉತ್ತರ 2019ರ ಏಷ್ಯಾ ಕಪ್‌ನಲ್ಲಿದೆ. ಯುಎಇಯೇ ಆತಿಥೇಯ. ಮಂಡಿಗೆ ಪೆಟ್ಟಾಗಿ ಒಮರ್ ತಂಡದಲ್ಲೇ ಇರಲಿಲ್ಲ. ಮಬ್ಖೂತ್ ನಾಲ್ಕು ಗೋಲು ಹೊಡೆದರು. ಕ್ವಾರ್ಟರ್ ಫೈನಲ್‌ನಲ್ಲಿ ಆಸ್ಟ್ರೇಲಿಯಾದ ಡಿಫೆಂಡರ್ ಮಿಲೊಸ್ ಡೆಗೆನೆಕ್ ತಮ್ಮ ಗೋಲ್‌ಕೀಪರ್‌ಗೆ ಕೊಟ್ಟ ಸಪ್ಪೆ ಪಾಸನ್ನು ನಡುವೆ ಹಾರಿಸಿಕೊಂಡು, ಗೋಲ್‌ಕೀಪರನ್ನು ಸುತ್ತಿ ಹೋಗಿ, ಖಾಲಿ ಬಲೆಗೆ ಚೆಂಡು ಸೇರಿಸಿದರು. 1–0, ಚಾಂಪಿಯನ್ ಮತ್ತೆ ಹೊರಗೆ. ಅದೃಷ್ಟ ಅನ್ನಬಹುದು. ನನಗೆ ಮಾತ್ರ ಮೀನುಗಾರನ ನೆನಪಾಗುತ್ತದೆ. ಮೀನು ಬಂದದ್ದು ಮೀನಿನ ಇಷ್ಟ, ನಿಜ. ಆದರೆ ಆ ಹೊತ್ತಿಗೆ ಆ ಮಡುವಿನಲ್ಲಿ ಗಾಳ ಹಾಕಿ ಕೂತಿದ್ದವನು ಇವನೇ ತಾನೆ? 68ನೇ ನಿಮಿಷದವರೆಗೆ ಅಂಥ ಎಷ್ಟು ಪಾಸುಗಳ ಹಿಂದೆ ವೃಥಾ ಓಡಿರಬಹುದು ಎಂಬುದನ್ನು ಯಾರೂ ಎಣಿಸುವುದಿಲ್ಲ.

ಅದೇ ಟೂರ್ನಿಯ ಜನವರಿ 10ರ ಪಂದ್ಯ ನಮ್ಮದು. ಅಬುಧಾಬಿಯ ಝಾಯೆದ್ ಸ್ಪೋರ್ಟ್ಸ್ ಸಿಟಿಯಲ್ಲಿ ಭಾರತ ಯುಎಇಗೆ ಸರಿಸಮ ಆಡಿತು, ಕೆಲವೊಮ್ಮೆ ಮೇಲುಗೈ ಕೂಡ ಸಾಧಿಸಿತು. ಬೆಂಗಳೂರು ಎಫ್‌ಸಿಯ ಉದಾಂತ ಸಿಂಗ್ ಹೊಡೆದ ಚೆಂಡು ಅಡ್ಡಪಟ್ಟಿಗೆ ಬಡಿಯಿತು. ಸಂದೇಶ್ ಝಿಂಗನ್ ತಲೆಯಿಂದ ಹೊಡೆದದ್ದೂ ಅಡ್ಡಪಟ್ಟಿಗೆ. ಚೆಟ್ರಿಗೂ ಅವಕಾಶ ಸಿಕ್ಕಿ ತಪ್ಪಿತು. ಇತ್ತ ಮಬ್ಖೂತ್ ಮೊದಲರ್ಧ ಮುಗಿಯುವ ಮುನ್ನ ಖಲ್ಫಾನ್ ಮುಬಾರಕ್‌ಗೆ ಗೋಲು ಹೊಡೆಯಲು ಚೆಂಡು ಒದಗಿಸಿದರು, 88ನೇ ನಿಮಿಷದಲ್ಲಿ ತಾವೇ ಹೊಡೆದು 2–0 ಮಾಡಿದರು. ಎರಡು ವರ್ಷದ ಮೇಲೆ, 2021ರ ಮಾರ್ಚ್‌ನಲ್ಲಿ, ದುಬೈನ ಸ್ನೇಹಪಂದ್ಯದಲ್ಲಿ ಭಾರತ ಸೋತದ್ದು 6–0ಯಿಂದ. ಕೊರೊನಾದಿಂದಾಗಿ ಚೆಟ್ರಿ ಇರಲಿಲ್ಲ. ಗೋಲಿನ ಮುಂದೆ ನಿಂತಿದ್ದವರು ಬೆಂಗಳೂರು ಎಫ್‌ಸಿಯ ಗುರ್‌ಪ್ರೀತ್ ಸಿಂಗ್ ಸಂಧು, ಮೊದಲ ಮೂರು ಗೋಲು ಮಬ್ಖೂತ್‌ರದು. ಉಳಿದ ಮೂರರಲ್ಲಿ ಒಂದನ್ನು ಬ್ರೆಜಿಲ್‌ನಲ್ಲಿ ಹುಟ್ಟಿದ ಫಾಬಿಯೊ ಲಿಮಾ, ಇನ್ನೊಂದನ್ನು ಅರ್ಜೆಂಟೀನಾದಲ್ಲಿ ಹುಟ್ಟಿದ ಸೆಬಾಸ್ಟಿಯನ್ ತಗ್ಲಿಯಾಬುವೆ ಹೊಡೆದರು. ಆ ಎರಡು ಹೆಸರುಗಳನ್ನು ನೆನಪಿಟ್ಟುಕೊಳ್ಳಿ.

ಹೇಳಬೇಕಾದ ಮುಖ್ಯ ಮಾತು ಇಲ್ಲಿಂದ ಶುರು. ಸ್ಟ್ರೈಕರ್ ಒಬ್ಬನ ಬೆಲೆ ಕಟ್ಟುವಾಗ ನಾವು ಯಾರ ಎದುರು ಹೊಡೆದ ಎಂದು ಕೇಳುತ್ತೇವೆ. ಯಾರ ಜಾಗದಲ್ಲಿ ನಿಂತು ಹೊಡೆದ ಎಂದು ಕೇಳುವುದಿಲ್ಲ. ಕೊಲ್ಲಿಯ ಲೀಗುಗಳಲ್ಲಿ ಎರಡನೇ ಪ್ರಶ್ನೆಯೇ ಕಠಿಣವಾದದ್ದು.

ಯುಎಇ ಲೀಗ್ 2008ರಲ್ಲಿ ವೃತ್ತಿಪರವಾಯಿತು. ಮಬ್ಖೂತ್ ಬೆಳೆದ ವರ್ಷಗಳಲ್ಲಿ ಪ್ರತಿ ಕ್ಲಬ್ಬಿಗೆ ನಾಲ್ವರು ವಿದೇಶಿ ಆಟಗಾರರು, ಅದರಲ್ಲಿ ಒಬ್ಬ ಏಷ್ಯಾದವನಾಗಿರಬೇಕು ಎಂಬ ನಿಯಮವಿತ್ತು. ಕ್ಲಬ್ಬಿನ ಒಡೆಯರ ಸ್ಥಾನದಲ್ಲಿ ನಿಂತು ಯೋಚಿಸಿ. ನಾಲ್ಕು ಸೀಟು, ಬೇಕಾದಷ್ಟು ದುಡ್ಡು. ವಿದೇಶಿ ಲೆಫ್ಟ್ ಬ್ಯಾಕ್‌ಗೆ ಯಾರು ಕೋಟಿ ಸುರಿಯುತ್ತಾರೆ? ಗೋಲು ಹೊಡೆಯುವವನನ್ನು ತರುತ್ತಾರೆ, ಗೋಲು ಹುಟ್ಟಿಸುವವನನ್ನು ತರುತ್ತಾರೆ. ಓಡುವ, ತಡೆಯುವ, ಬೆವರಿಳಿಸುವ ಕೆಲಸ ಊರಿನ ಹುಡುಗರಿಗೆ. ಘಾನಾದ ಅಸಮೋವಾ ಜ್ಯಾನ್ 2011ರಲ್ಲಿ ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಬಿಟ್ಟು ಅಲ್ ಐನ್‌ಗೆ ಬಂದರು, ಸತತ ಮೂರು ಸೀಸನ್ ಲೀಗಿನ ಅತಿ ಹೆಚ್ಚು ಗೋಲು ಅವರದೇ. ನಾಲ್ಕನೇ ಸೀಸನ್‌ನಲ್ಲಿ ಆ ಗೌರವ ಯುವೆಂಟಸ್‌ನಿಂದ ಬಂದ ಮಾಂಟೆನೆಗ್ರೊದ ಮಿರ್ಕೊ ವುಚಿನಿಚ್‌ಗೆ. ಐದನೆಯದರಲ್ಲಿ ತಗ್ಲಿಯಾಬುವೆಗೆ. ಐದು ವರ್ಷ, ಮೂವರು, ಒಬ್ಬನೂ ಸ್ಥಳೀಯನಲ್ಲ.

ಇವರಲ್ಲಿ ವುಚಿನಿಚ್ ಆಡಿದ್ದು ಅಬುಧಾಬಿಯ ಅಲ್ ಜಝೀರಾ ಕ್ಲಬ್ಬಿಗೆ, ಅಂದರೆ ಮಬ್ಖೂತ್ ಎಳವೆಯಿಂದ ಆಡುತ್ತಿದ್ದ ಕ್ಲಬ್ಬಿಗೆ. ಅದಕ್ಕೂ ಮುಂಚೆ ಅಲ್ಲಿ ಬ್ರೆಜಿಲ್‌ನ ರಿಕಾರ್ಡೊ ಒಲಿವೇರಾ ಇದ್ದರು. ಅವರೂ ಮಿಲಾನ್‌ನಂಥ ಕ್ಲಬ್ಬುಗಳಲ್ಲಿ ಆಡಿ ಬಂದ ಸ್ಟ್ರೈಕರ್. ಅಂದರೆ 2015ರ ಆರಂಭದಲ್ಲಿ ಮಬ್ಖೂತ್ ಏಷ್ಯಾ ಕಪ್ಪಿನ ಅತಿ ಹೆಚ್ಚು ಗೋಲಿನ ಆಟಗಾರ, ಮನೆಗೆ ಹಿಂತಿರುಗಿದರೆ ಸ್ವಂತ ಕ್ಲಬ್ಬಿನಲ್ಲಿ ಗೋಲಿನ ಮುಂದಿನ ಜಾಗಕ್ಕೆ ಮೊದಲ ಹೆಸರು ಬೇರೆಯವರದು. ದುಡ್ಡು ಅವರಿಗೆ ಅಡ್ಡಿಯಾಯಿತು ಎಂದು ಹೇಳಿದ್ದು ಇದಕ್ಕೆ. ಬಡ ಲೀಗಿನಲ್ಲಿ ಹುಟ್ಟಿದ್ದರೆ ಆ ಜಾಗ ಹತ್ತೊಂಬತ್ತನೇ ವಯಸ್ಸಿಗೇ ಸಿಗುತ್ತಿತ್ತು. ಶ್ರೀಮಂತ ಲೀಗಿನಲ್ಲಿ ಅದನ್ನು ಜಗತ್ತಿನ ಮಾರುಕಟ್ಟೆಯೊಡನೆ ಗುದ್ದಾಡಿ ಗಿಟ್ಟಿಸಬೇಕಿತ್ತು.

ಗಿಟ್ಟಿಸಿದರು. 2016–17ರಲ್ಲಿ 26 ಸುತ್ತುಗಳ ಲೀಗಿನಲ್ಲಿ 33 ಗೋಲು ಹೊಡೆದರು, ಅಲ್ ಜಝೀರಾ ಚಾಂಪಿಯನ್ ಆಯಿತು. ಜ್ಯಾನ್ ತಮ್ಮ ಅತ್ಯುತ್ತಮ ವರ್ಷದಲ್ಲಿ ಹೊಡೆದದ್ದು 31. 2020–21ರಲ್ಲಿ ಮತ್ತೆ 25 ಗೋಲು, ಮತ್ತೆ ಮೊದಲ ಸ್ಥಾನ, ಕ್ಲಬ್ಬಿಗೆ ಮತ್ತೆ ಪ್ರಶಸ್ತಿ. ಅಲ್ ವಸ್ಲ್‌ನ ಹಳೆಯ ತಾರೆ ಫಹದ್ ಖಮೀಸ್ ಹೆಸರಿನಲ್ಲಿ ದಶಕಗಳಿಂದ ಉಳಿದಿದ್ದ ಲೀಗ್ ಗೋಲುಗಳ ದಾಖಲೆಯೂ ಕೊನೆಗೆ ಮಬ್ಖೂತ್‌ರದಾಯಿತು. ಅಂತರರಾಷ್ಟ್ರೀಯ 85ಕ್ಕಿಂತ ಈ ಎರಡು ಸೀಸನ್ನುಗಳನ್ನು ನಾನು ದೊಡ್ಡದೆಂದು ಎಣಿಸುತ್ತೇನೆ. ದೇಶದ ತಂಡದಲ್ಲಿ ಅವರ ಜಾಗಕ್ಕೆ ಸ್ಪರ್ಧಿಗಳು ನಾಲ್ಕಾರು ಜನ. ಲೀಗಿನಲ್ಲಿ ಮೂರು ಖಂಡಗಳವರು.

ಈ ಮಾತಿನ ತೂಕ ತಿಳಿಯಬೇಕಾದರೆ ನಮ್ಮ ಕಡೆ ತಿರುಗಬೇಕು. ಇಂಡಿಯನ್ ಸೂಪರ್ ಲೀಗ್ 2014ರಲ್ಲಿ ಶುರುವಾದಾಗ ಮೈದಾನದಲ್ಲಿ ಹನ್ನೊಂದರಲ್ಲಿ ಆರು ಜನ ವಿದೇಶಿಯರಿರಬಹುದಿತ್ತು. ಆಮೇಲೆ ಐದು, 2021ರಿಂದ ನಾಲ್ಕು. 2014ರಿಂದ 2025ರ ತನಕ ನಡೆದ ಹನ್ನೊಂದು ಸೀಸನ್‌ಗಳಲ್ಲಿ ಅತಿ ಹೆಚ್ಚು ಗೋಲಿಗೆ ಕೊಡುವ ಚಿನ್ನದ ಬೂಟು ಒಬ್ಬ ಭಾರತೀಯನ ಕೈಗೂ ಬರಲಿಲ್ಲ. ಚೆಟ್ರಿಗೂ ಇಲ್ಲ. ಬೆಂಗಳೂರು ಎಫ್‌ಸಿಯ ಮೊದಲ ಐಎಸ್‌ಎಲ್ ಸೀಸನ್ ನೆನಪಿರುವವರಿಗೆ ಗೊತ್ತು: ನಡುವೆ ವೆನೆಜುವೆಲಾದ ಮೀಕು, ಎಡಬದಿಯಲ್ಲಿ ಚೆಟ್ರಿ. ಮೀಕು 15, ಚೆಟ್ರಿ 14. ಭಾರತದ ಅತಿ ದೊಡ್ಡ ಗೋಲುಗಾರ ತನ್ನದೇ ಊರಿನಂಥ ಕಂಠೀರವದಲ್ಲಿ ಅಂಚಿನಿಂದ ಒಳಗೆ ನುಗ್ಗಿ ಗೋಲು ಹೊಡೆಯಬೇಕಿತ್ತು. ಅವರು ಹೊಡೆದರು, ಯಾಕೆಂದರೆ ಅವರು ಚೆಟ್ರಿ. ಉಳಿದ ಹುಡುಗರು ಹೊಡೆಯಲಿಲ್ಲ. ಅವರನ್ನು ವಿಂಗರ್ ಮಾಡಿದರು, ಎಪ್ಪತ್ತೈದನೇ ನಿಮಿಷಕ್ಕೆ ಬೆಂಚಿನಿಂದ ಎಬ್ಬಿಸಿದರು, ಕೆಲವರನ್ನು ಡಿಫೆನ್ಸಿಗೆ ತಳ್ಳಿದರು. ಭಾರತ ತಂಡದ ಕೋಚ್ ಆಗಿದ್ದ ಇಗೊರ್ ಸ್ಟಿಮಾಕ್ ಇದೇ ದೂರನ್ನು ಮತ್ತೆ ಮತ್ತೆ ಹೇಳಿದ್ದರು. ಅವರ ಬಾಯಿ ಜೋರು ಎಂಬ ಕಾರಣಕ್ಕೆ ದೂರು ಸುಳ್ಳಾಗುವುದಿಲ್ಲ.

ಹಾಗಾದರೆ ವಿದೇಶಿಯರೇ ಬೇಡವೇ? ನಾನು ಹಾಗೆ ಹೇಳುತ್ತಿಲ್ಲ. ಜ್ಯಾನ್ ಎದುರು, ವುಚಿನಿಚ್ ಜೊತೆ ಅಭ್ಯಾಸ ಮಾಡಿದ್ದರಿಂದಲೇ ಮಬ್ಖೂತ್ ಹರಿತವಾದರು ಎಂದು ವಾದಿಸಬಹುದು, ಅದರಲ್ಲಿ ಹುರುಳೂ ಇದೆ. ಆದರೆ ಆ ವಾದ ಗೆದ್ದವನೊಬ್ಬನನ್ನು ತೋರಿಸುತ್ತದೆ, ಸೋತವರನ್ನು ಮುಚ್ಚಿಡುತ್ತದೆ. ಸಾಣೆಕಲ್ಲು ಗಟ್ಟಿ ಕಬ್ಬಿಣವನ್ನು ಹರಿತ ಮಾಡುವಂತೆಯೇ ತೆಳು ತಗಡನ್ನು ತಿಂದುಹಾಕುತ್ತದೆ. ಯುಎಇಯ ಪೌರರು ಸುಮಾರು ಹತ್ತು ಲಕ್ಷ. ಹೆಚ್ಚುಕಡಿಮೆ ಮೈಸೂರು ನಗರದಷ್ಟು. ಆ ಸಣ್ಣ ಹೊಲದಲ್ಲಿ ಎಷ್ಟು ಪೈರು ತಿಂದುಹಾಕಿಸಿಕೊಂಡೀತು?

ಇದೇ ಹೊತ್ತಿನಲ್ಲಿ ಹೊರಗೆ ಹೋಗುವ ದಾರಿಯೂ ಮುಚ್ಚಿತ್ತು. ಅಲ್ ಜಝೀರಾ ಕ್ಲಬ್ಬಿನ ಮುಖ್ಯಸ್ಥರು ಶೇಖ್ ಮನ್ಸೂರ್ ಬಿನ್ ಝಾಯೆದ್. 2008ರಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು ಕೊಂಡವರೂ ಅವರೇ. ಒಂದೇ ಮನೆಯ ಎರಡು ಅಂಗಳ; ಒಂದರಲ್ಲಿ ಮಬ್ಖೂತ್, ಇನ್ನೊಂದರಲ್ಲಿ ಅಗುವೆರೊ. ಅಂಗಳದಿಂದ ಅಂಗಳಕ್ಕೆ ಬಾಗಿಲು ಒಮ್ಮೆಯೂ ತೆರೆಯಲಿಲ್ಲ. 2012ರಲ್ಲಿ ಒಮರ್ ಮ್ಯಾಂಚೆಸ್ಟರ್‌ಗೆ ಪರೀಕ್ಷೆಗೆ ಹೋಗಿ ಮೆಚ್ಚುಗೆ ಪಡೆದರೂ ಇಂಗ್ಲೆಂಡಿನ ಕೆಲಸದ ಪರವಾನಗಿ ಸಿಗದೆ ವಾಪಸಾದರು. ಆಟಗಾರನ ದೇಶದ ತಂಡ ಫಿಫಾ ರ‍್ಯಾಂಕಿಂಗ್‌ನಲ್ಲಿ ಎಷ್ಟು ಮೇಲಿದೆ ಎಂಬುದು ಆಗ ಅಲ್ಲಿ ಮುಖ್ಯವಾಗಿತ್ತು. ಯೂರೋಪಿನ ಸಣ್ಣ ಕ್ಲಬ್ಬುಗಳಿಗೆ ಹೋಗಬಹುದಿತ್ತು ಎನ್ನುವವರಿದ್ದಾರೆ. ಹೋಗಬಹುದಿತ್ತು. ಅಬುಧಾಬಿಯ ಸಂಬಳ, ಮನೆ, ಮಾನ ಬಿಟ್ಟು ಚಳಿಯ ಊರಿನ ಬೆಂಚಿನ ಮೇಲೆ ಕೂರಲು ಎದೆಗಾರಿಕೆ ಬೇಕು. ಚೆಟ್ರಿಗೆ ಅದಿತ್ತು: 2010ರಲ್ಲಿ ಅಮೆರಿಕದ ಕಾನ್ಸಸ್ ಸಿಟಿಗೆ, 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್‌ನ ಎರಡನೇ ತಂಡಕ್ಕೆ ಹೋಗಿ, ಹೆಚ್ಚು ಆಡಲು ಸಿಗದೆ ಬಂದರು. ಮಬ್ಖೂತ್ ಹೋಗಲೇ ಇಲ್ಲ. ಅವರ ಬದುಕಿನಲ್ಲಿ ನಾನು ನಿಜವಾದ ಕೊರತೆ ಎಂದು ಕಾಣುವುದು ಇದೊಂದನ್ನೇ, ಮತ್ತು ಅದರಲ್ಲಿ ಅವರ ಪಾಲೂ ಇದೆ.

ಯೂರೋಪು ಮಾತ್ರ ಒಮ್ಮೆ ಅವರಿದ್ದಲ್ಲಿಗೇ ಬಂತು. 2017ರ ಡಿಸೆಂಬರ್‌ನಲ್ಲಿ ಅಬುಧಾಬಿಯ ಕ್ಲಬ್ ವಿಶ್ವಕಪ್. ಆತಿಥೇಯ ದೇಶದ ಚಾಂಪಿಯನ್ ಎಂಬ ಕಾರಣಕ್ಕೆ ಅಲ್ ಜಝೀರಾಗೆ ಪ್ರವೇಶ. ಏಷ್ಯಾದ ಚಾಂಪಿಯನ್, ಜಪಾನಿನ ಉರಾವಾ ತಂಡವನ್ನು 1–0ಯಿಂದ ಮನೆಗೆ ಕಳಿಸಿದ ಗೋಲು ಮಬ್ಖೂತ್‌ರದು. ಸೆಮಿಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್. ಅರ್ಧ ಸಮಯಕ್ಕೆ ಅಲ್ ಜಝೀರಾ 1–0 ಮುಂದೆ! ಕೊನೆಗೆ ರೊನಾಲ್ಡೊ ಮತ್ತು ಬೇಲ್ ಹೊಡೆದು 2–1 ಮಾಡಿದರು. ಆ ಒಂದು ಗೋಲು ಹೊಡೆದದ್ದು ಬ್ರೆಜಿಲ್‌ನ ರೊಮಾರಿನ್ಹೊ.

ಬ್ರೆಜಿಲ್ ಎಂದಾಗ ಲಿಮಾ, ಅವರ ಜೊತೆಗೆ ಅರ್ಜೆಂಟೀನಾದ ತಗ್ಲಿಯಾಬುವೆ ನೆನಪಾಗಬೇಕು. ಕ್ಲಬ್ಬುಗಳು ಸ್ಟ್ರೈಕರ್‌ಗಳನ್ನು ಕೊಂಡು ತರುವಾಗ ದೇಶ ಸುಮ್ಮನಿತ್ತು. ಸ್ವಂತ ಹುಡುಗರು ಆ ಜಾಗದಲ್ಲಿ ಬೆಳೆಯದೆ ಹೋದಾಗ ದೇಶವೂ ಅದೇ ಅಂಗಡಿಗೆ ಹೋಯಿತು. ಐದು ವರ್ಷ ಅಲ್ಲಿ ನೆಲೆಸಿದ ಆಟಗಾರರಿಗೆ ಪೌರತ್ವ ಕೊಟ್ಟು 2020ರಿಂದ ದೇಶದ ಅಂಗಿ ತೊಡಿಸಲಾಯಿತು: ಲಿಮಾ, ತಗ್ಲಿಯಾಬುವೆ, ಕಾಯೊ ಕನೆಡೊ. ಇದರಲ್ಲಿ ಆಟಗಾರರ ತಪ್ಪೇನೂ ಇಲ್ಲ, ಚೆನ್ನಾಗಿಯೇ ಆಡಿದರು. ಆದರೆ ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಓದುಗರಿಗೆ ಇಲ್ಲೊಂದು ಕಲ್ಲು ಹಲ್ಲಿಗೆ ಸಿಕ್ಕಂತೆ ಆಗುವುದು ಸಹಜ. ಮೂವತ್ತು ವರ್ಷ ದುಬೈನಲ್ಲಿ ದುಡಿದವರೂ ವೀಸಾ ಮುಗಿದರೆ ಗಂಟುಮೂಟೆ ಕಟ್ಟಬೇಕು. ಅವರ ಮಕ್ಕಳು ಅಲ್ಲೇ ಹುಟ್ಟಿದರೂ ಪೌರರಲ್ಲ. 2019ರ ಭಾರತ–ಯುಎಇ ಪಂದ್ಯಕ್ಕೆ ಮುಂಚೆ ಒಂದು ವಿಡಿಯೊ ಹರಿದಾಡಿತ್ತು. ಹಕ್ಕಿಪಂಜರದಲ್ಲಿ ಕೂಡಿಹಾಕಿದ ಕೆಲಸಗಾರರನ್ನು ಯಾರಿಗೆ ಬೆಂಬಲ ಎಂದು ಒಬ್ಬ ಕೇಳುತ್ತಾನೆ; ಭಾರತ ಎಂದವರನ್ನು ಗದರಿಸಿ, ಯುಎಇ ಎಂದು ಹೇಳಿಸಿದ ಮೇಲೆ ಬಿಡುತ್ತಾನೆ. ಅಲ್ಲಿನ ಸರ್ಕಾರ ಆತನನ್ನು ಬಂಧಿಸಿತು, ಅದು ಸರಿಯಾದ ಕೆಲಸ. ಯಾರು ಯಾವ ದೇಶದವರು ಎಂಬ ಪ್ರಶ್ನೆ ಅಲ್ಲಿ ಎಷ್ಟು ಸುಲಭ, ಎಷ್ಟು ಕಠಿಣ ಎಂಬುದು ಆ ಪಂಜರ ಮತ್ತು ಆ ಅಂಗಿಯ ನಡುವೆ ಎಲ್ಲೋ ಇದೆ.

2022ರ ಜೂನ್‌ನಲ್ಲಿ ಕತಾರ್ ವಿಶ್ವಕಪ್‌ಗೆ ಹೋಗುವ ದಾರಿಯ ಏಷ್ಯಾ ಪ್ಲೇಆಫ್‌ನಲ್ಲಿ ಯುಎಇ ಆಸ್ಟ್ರೇಲಿಯಾಕ್ಕೆ 2–1ರಿಂದ ಸೋತಿತು. ಯುಎಇಯ ಗೋಲು ಕನೆಡೊ ಅವರದು. ಯುಎಇ ವಿಶ್ವಕಪ್ ಆಡಿದ್ದು 1990ರಲ್ಲಿ ಒಮ್ಮೆ ಮಾತ್ರ, ಮಬ್ಖೂತ್ ಹುಟ್ಟುವ ಕೆಲವು ತಿಂಗಳ ಮುಂಚೆ. 85 ಗೋಲಿನ ಮಬ್ಖೂತ್‌ಗೆ ವಿಶ್ವಕಪ್‌ನ ಒಂದು ನಿಮಿಷವೂ ಸಿಗಲಿಲ್ಲ. 2023ರಲ್ಲಿ ಪೋರ್ಚುಗಲ್‌ನ ಪೌಲೊ ಬೆಂಟೊ ಕೋಚ್ ಆಗಿ ಬಂದರು. 2024ರ ಜನವರಿಯ ಏಷ್ಯಾ ಕಪ್‌ಗೆ ಆರಿಸಿದ ತಂಡದಲ್ಲಿ ಮಬ್ಖೂತ್ ಹೆಸರಿರಲಿಲ್ಲ. ಎರಡು ಏಷ್ಯಾ ಕಪ್‌ಗಳಲ್ಲಿ ಒಂಬತ್ತು ಗೋಲು ಹೊಡೆದವನನ್ನು ಬಿಟ್ಟು ಹೋಗುವುದು ಕೋಚ್‌ನ ಹಕ್ಕು, ಮೂವತ್ತಮೂರರ ಸ್ಟ್ರೈಕರ್‌ಗೆ ವೇಗ ಕುಂದಿರುವುದೂ ಸಹಜ. ಆ ತಂಡ ಮೊದಲ ನಾಕೌಟ್ ಸುತ್ತಿನಲ್ಲೇ, ಮೊದಲ ಸಲ ಏಷ್ಯಾ ಕಪ್ ಆಡುತ್ತಿದ್ದ ತಜಿಕಿಸ್ತಾನಕ್ಕೆ ಶೂಟೌಟ್‌ನಲ್ಲಿ ಸೋತಿತು. ಅದೇ ವರ್ಷ ಮಬ್ಖೂತ್ ಅಲ್ ಜಝೀರಾವನ್ನೂ ಬಿಟ್ಟು ದುಬೈನ ಅಲ್ ನಸ್ರ್ ಸೇರಿದರು. 2026ರ ವಿಶ್ವಕಪ್‌ಗಾಗಿ ಯುಎಇ ಹುಟ್ಟೂರು ಬೇರೆಯಿರುವ ಇನ್ನಷ್ಟು ಆಟಗಾರರಿಗೆ ಅಂಗಿ ತೊಡಿಸಿತು. 2025ರ ನವೆಂಬರ್‌ನಲ್ಲಿ ಬಸ್ರಾದಲ್ಲಿ ಇರಾಕ್‌ಗೆ 2–1ರಿಂದ ಸೋತು ಆ ದಾರಿಯೂ ಮುಗಿಯಿತು.

ನಾವು ಆಗ ಅಂಗಡಿಗೆ ಹೋಗಲಿಲ್ಲ. ಹಳೆಯ ಪೆಟ್ಟಿಗೆ ತೆರೆದೆವು. 2024ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಕಣ್ಣೀರಿಟ್ಟು ವಿದಾಯ ಹೇಳಿದ್ದ ಚೆಟ್ರಿಯನ್ನು ಒಂಬತ್ತು ತಿಂಗಳಿಗೆ ವಾಪಸ್ ಕರೆಸಲಾಯಿತು. ಆ ಐಎಸ್‌ಎಲ್ ಸೀಸನ್‌ನಲ್ಲಿ ಭಾರತೀಯರ ಪೈಕಿ ಅತಿ ಹೆಚ್ಚು ಗೋಲು ಹೊಡೆದವರು ಅವರೇ ಆಗಿದ್ದರಿಂದ ಕರೆಸಿದ ಕೋಚ್‌ನನ್ನು ಬೈಯುವಂತೆಯೂ ಇರಲಿಲ್ಲ. 2025ರ ಮಾರ್ಚ್ 19ರಂದು ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಎದುರು ಹೊಡೆದು ಅವರು ಲೆಕ್ಕವನ್ನು 95ಕ್ಕೆ ಏರಿಸಿದರು. ಆರು ದಿನ ಬಿಟ್ಟು ಅದೇ ಮೈದಾನದಲ್ಲಿ ಏಷ್ಯಾ ಕಪ್ ಅರ್ಹತಾ ಪಂದ್ಯ, ಎದುರಾಳಿ ಬಾಂಗ್ಲಾದೇಶ. ಗೋಲಿನ ಮುಂದಿನ ಜಾಗದಲ್ಲಿ ನಲವತ್ತು ವರ್ಷದ ಚೆಟ್ರಿ. ಪಂದ್ಯ 0–0.